ಅಸ್ಥಿಯ ಅನುಮತಿ

ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟಮೂರ್ತಿಯನ್ನು 1432ರಲ್ಲಿ ಭೈರರಸ ವಂಶದ ವೀರಪಾಂಡ್ಯನು ಪ್ರತಿಷ್ಠಾಪಿಸಿದನೆಂಬುದು ಶಾಸನಸಿದ್ಧವಾದ ಸಂಗತಿ. 42 ಅಡಿ ಎತ್ತರದ ಆ ಏಕಶಿಲೆಯನ್ನು ಬೇರೊಂದೆಡೆ ಕಡೆದು, ಗಾಲಿಗಳ ಬಂಡಿಯ ಮೇಲಿರಿಸಿ, ಅಸಂಖ್ಯ ಜನರು ಎಳೆದು ಬೆಟ್ಟವನ್ನೇರಿಸಿದರೆಂಬ ವರ್ಣನೆಯು ಚಂದ್ರಮ ಕವಿಯ ಕಾವ್ಯದಲ್ಲಿ ಬರುತ್ತದೆ. ಕದಲದ ವಸ್ತುವನ್ನು ಕದಲಿಸಬೇಕಾದರೆ ಬಲದ ಮೇಲೆ ಬಲವನ್ನು ಕೂಡಿಸುತ್ತ ಹೋಗಬೇಕೆಂಬ ಲೋಕಾನುಭವಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವನ್ನು ಕಾಣೆನು. ಆದರೆ ಅದೇ ಬೆಟ್ಟದ ಬುಡದಿಂದ ಹೊರಟು ಬೈಲೂರು, ಹಿರಿಯಡ್ಕ, ಪರ್ಕಳಗಳನ್ನು ಹಾದು ಮಣಿಪಾಲವನ್ನು ಸೇರುವ ಬಸ್ಸಿನಲ್ಲಿ, ಹಲ್ಲಿನ ಕ್ಲಿಪ್ಪನ್ನು ಬಿಗಿಸಿಕೊಳ್ಳಲೆಂದು ತಿಂಗಳಿಗೊಮ್ಮೆ ಬರುವ ಶಾಲಾಬಾಲಕ ಬಾಲಕಿಯರ ಬಾಯೊಳಗೆ ನಡೆಯುತ್ತಿರುವ ಕಾರ್ಯವಾದರೋ ಈ ಲೋಕಾನುಭವಕ್ಕೆ ಸಂಪೂರ್ಣ ವಿರುದ್ಧವಾದುದು. ಶರೀರದಲ್ಲಿ ಎಲ್ಲಕ್ಕಿಂತ ಕಠಿನವಾದ ಕವಚವನ್ನು ತೊಟ್ಟು, ದವಡೆಯ ಎಲುಬಿನಲ್ಲಿ ಬೇರಿಳಿಸಿ ನಿಂತಿರುವ ಒಂದು ಹಲ್ಲನ್ನು ಓರೆಯಾಗಿ ಸರಿಸಲು ಬೇಕಾಗುವ ಬಲವು 35ರಿಂದ 60 ಗ್ರಾಂ ತೂಕದಷ್ಟು ಮಾತ್ರ. ಅದನ್ನು ಮೀರಿ ಬಲ ಪ್ರಯೋಗಿಸಿದೆವೆಂದರೆ ಹಲ್ಲು ಬೇಗ ಸರಿಯುವುದರ ಬದಲು ಇದ್ದಲ್ಲಿಯೇ ನಿಂತುಬಿಡುತ್ತದೆ.

ಇದರ ರಹಸ್ಯವು ಹಲ್ಲಿಗೂ ಎಲುಬಿಗೂ ನಡುವೆ ಇರುವ ಒಂದು ತೆಳುವಾದ ನಾರಿನ ಪೊರೆಯಲ್ಲಿದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಎಲುಬಿನಲ್ಲಿ ನೇರವಾಗಿ ನಾಟಿಕೊಂಡಿಲ್ಲ. ಸುಮಾರು ಕಾಲು ಮಿಲಿಮೀಟರಿನಷ್ಟು ದಪ್ಪದ, ರಕ್ತನಾಳಗಳಿಂದ ತುಂಬಿದ ಆ ಪೊರೆಯು ಅದನ್ನು ತನ್ನ ನಾರುಗಳಲ್ಲಿ ತೂಗುಹಾಕಿಕೊಂಡಿದೆ. ತಂತಿಯೊಂದು ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲನೆ, ಬಿಡುವಿಲ್ಲದೆ ಒತ್ತುತ್ತಿದ್ದರೆ, ಒತ್ತಡಕ್ಕೊಳಗಾದ ಪಾರ್ಶ್ವದಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳು ಹುಟ್ಟಿಕೊಂಡು ದಾರಿಯನ್ನು ತೆರವುಮಾಡುತ್ತವೆ. ನಾರುಗಳು ಸೆಳೆತಕ್ಕೊಳಗಾದ ಎದುರಿನ ಪಾರ್ಶ್ವದಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳು ಬಿಟ್ಟುಹೋದ ಸ್ಥಳವನ್ನು ತುಂಬುತ್ತ ಬರುತ್ತವೆ. ಹೀಗೆ ಹಲ್ಲು ಮಾತ್ರವಲ್ಲ, ಹಲ್ಲು ಕುಳಿತ ಕುಳಿಯೇ ದವಡೆಯಲ್ಲಿ ಪ್ರಯಾಣಮಾಡುತ್ತದೆ. ಕಾರ್ಲ್ ಸ್ಯಾಂಡ್‌ಸ್ಟೆಡ್ಟ್ ಎಂಬ ವಿದ್ವಾಂಸನು ನಾಯಿಗಳ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ ಈ ವ್ಯಾಪಾರವನ್ನು 1904ರ ಸುಮಾರಿಗೆ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದನು. ಬಲವು ಅತಿಯಾದಾಗ ಪೊರೆಯ ರಕ್ತನಾಳಗಳು ಹಿಚುಕಿಹೋಗಿ, ಅಲ್ಲಿನ ಜೀವಕೋಶಗಳು ಸತ್ತು, ಕರಗಿಸುವವರೇ ಇಲ್ಲದಂತಾಗುತ್ತದೆ. ಸತ್ತ ಭಾಗವನ್ನು ಹಿಂದಿನಿಂದ ಕೊರೆದು ತೆಗೆಯುವ ತನಕ, ಎಂದರೆ ಎರಡು ಮೂರು ವಾರಗಳವರೆಗೆ, ಹಲ್ಲು ಚಲಿಸುವುದಿಲ್ಲ. ಆದುದರಿಂದಲೇ ತಿಂಗಳಿಗೆ ಸುಮಾರು ಒಂದು ಮಿಲಿಮೀಟರೆಂಬ ಮಂದಗತಿಯನ್ನು ದಂತವೈದ್ಯರು ಆಲಸ್ಯದಿಂದ ಆರಿಸಿಕೊಂಡದ್ದಲ್ಲ, ಅಸ್ಥಿಯು ಅವರಿಗೆ ವಿಧಿಸಿದ ನಿಯಮವದು. ಉಪಕರಣವು ಎಲುಬನ್ನು ನೇರಮಾಡುವುದಿಲ್ಲ; ನೇರವಾಗುವುದು ಎಲುಬಿನದೇ ಕೆಲಸ, ಉಪಕರಣಕ್ಕೆ ಇರುವುದು ದಿಕ್ಕನ್ನು ಸೂಚಿಸಿ ಕಾದಿರುವ ಅಧಿಕಾರವಷ್ಟೆ.

ಈ ತತ್ತ್ವವು ತಿಳಿಯುವುದಕ್ಕೆ ಬಹುಕಾಲ ಮೊದಲೇ ಕ್ರಿಯೆ ನಡೆದಿತ್ತು. ಹಾಲುಹಲ್ಲಿನ ಪಕ್ಕದಲ್ಲಿ ಹೊಸ ಹಲ್ಲು ವಕ್ರವಾಗಿ ಮೂಡಿದರೆ ಹಳೆಯದನ್ನು ಕಿತ್ತು, ಹೊಸದನ್ನು ನಿತ್ಯವೂ ಬೆರಳಿನಿಂದ ಸ್ವಸ್ಥಾನಕ್ಕೆ ಒತ್ತುತ್ತಿರಬೇಕೆಂದು ರೋಮನ್ ಲೇಖಕನಾದ ಸೆಲ್ಸಸ್ ಮೊದಲನೆಯ ಶತಮಾನದಲ್ಲಿಯೇ ಬರೆದಿದ್ದನು. ಪ್ಯಾರಿಸ್ಸಿನ ಪಿಯೆರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ, ಲಾಳದಾಕಾರದ ಲೋಹಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ಹೇಳಿದನು. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ಹಠವಾದಿ 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದು ಇಂದಿಗೂ ಪ್ರತಿಯೊಂದು ದಂತವೈದ್ಯಕೀಯ ಕಾಲೇಜಿನಲ್ಲಿ ಪಾಠವಾಗಿ ನಡೆಯುತ್ತಿದೆ. ಹಲ್ಲಿನ ಮೇಲೆ ಕೂರುವ ಬ್ರಾಕೆಟ್ಟಿನ ಆಯತಾಕಾರದ ಸಂದಿನೊಳಗೆ ತಂತಿಯನ್ನು ತೂರಿಸುವ ಇಂದಿನ ಪದ್ಧತಿಯೂ ಅವನು 1920ರ ದಶಕದಲ್ಲಿ ಕೊಟ್ಟುಹೋದ ಕಾಣಿಕೆಯೇ.

ನಮ್ಮ ದೇಶದಲ್ಲಿ ದಂತವೈದ್ಯದ ಮೊದಲನೆಯ ಕಾಲೇಜು 1920ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ದಂತವೈದ್ಯರ ಕಾಯದೆ ಬಂದದ್ದು 1948ರಲ್ಲಿ. ಉಡುಪಿಯ ಮೂಡಲಲ್ಲಿ ಮುರಕಲ್ಲಿನ ಬೋಳುಗುಡ್ಡವಾಗಿ ಬಿದ್ದಿದ್ದ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಸರಕಾರದ ಬೊಕ್ಕಸದ ಆಧಾರವಿಲ್ಲದೆ ಖಾಸಗಿಯವರು ವೈದ್ಯರನ್ನು ತಯಾರಿಸುವುದುಂಟೇ ಎಂದು ತಲೆಯಾಡಿಸಿದವರಿಗೆ ಕೊರತೆಯಿರಲಿಲ್ಲ. 1965ರಲ್ಲಿ ಅದೇ ಗುಡ್ಡದ ಮೇಲೆ ದಂತವೈದ್ಯಕೀಯ ಕಾಲೇಜೂ ಬಂತು. ವಕ್ರದಂತ ಚಿಕಿತ್ಸಕರ ಅಖಿಲ ಭಾರತ ಸಂಘವು ಹುಟ್ಟಿದುದೂ ಅದೇ ವರ್ಷ ಎಂಬುದು ಕಾಕತಾಳೀಯವಿದ್ದೀತು. ಆದರೆ ಅದುವರೆಗೆ ಹಲ್ಲುನೋವಿಗೆ ಲವಂಗದ ಎಣ್ಣೆ, ತಡೆಯಲಾರದಾದರೆ ಇಕ್ಕುಳ ಎಂಬೆರಡೇ ಉಪಾಯಗಳನ್ನು ಬಲ್ಲ ಕರಾವಳಿಗೆ, ನೋವೇ ಇಲ್ಲದ ಹಲ್ಲಿಗೂ ಚಿಕಿತ್ಸೆಯುಂಟೆಂಬ ವಿಚಾರವು ಬಂದದ್ದು ಆ ಗುಡ್ಡದ ದಾರಿಯಿಂದಲೇ.

ಈ ವಿದ್ಯೆಯನ್ನು ಕಲಿಯುವವರ ಮೊದಲ ತಿಂಗಳುಗಳು ರೋಗಿಯ ಬಳಿಯಲ್ಲಿ ಕಳೆಯುವುದಿಲ್ಲ, ತಂತಿಯೊಂದಿಗೆ ಕಳೆಯುತ್ತವೆ. 0.7 ಮಿಲಿಮೀಟರ್ ದಪ್ಪದ ತುಕ್ಕುಹಿಡಿಯದ ಉಕ್ಕಿನ ತಂತಿಯನ್ನು ಇಕ್ಕುಳದಿಂದ ಬಗ್ಗಿಸಿ, ಮುಂಬಲ್ಲುಗಳನ್ನು ಅಪ್ಪಿಕೊಳ್ಳುವ ಕಮಾನನ್ನೂ, ದವಡೆಹಲ್ಲನ್ನು ಎರಡು ಮೂಲೆಗಳಲ್ಲಿ ಹಿಡಿದುಕೊಳ್ಳುವ ಆಡಮ್ಸ್ ಕೊಂಡಿಯನ್ನೂ ಮಾಡಬೇಕು. ಹಲ್ಲನ್ನು ನೂಕುವ ಚಿಕ್ಕ ಸ್ಪ್ರಿಂಗಿಗೆ ಮಾತ್ರ 0.5 ಮಿಲಿಮೀಟರಿನ ತಂತಿ. ಒಮ್ಮೆ ತಪ್ಪು ತಿರುವು ಕೊಟ್ಟ ತಂತಿಯನ್ನು ಮರಳಿ ನೇರ್ಪಡಿಸಿದರೆ ಅದೇ ಜಾಗದಲ್ಲಿ ಮುಂದೆ ಮುರಿಯುತ್ತದೆಯಾದುದರಿಂದ, ಎಸೆದು ಹೊಸ ತಂತಿಯನ್ನು ತೆಗೆದುಕೊಳ್ಳಬೇಕು. ಅಕ್ಕಸಾಲಿಗನ ಮಗ್ಗುಲಲ್ಲಿ ಕುಳಿತು ಕಲಿಯಬೇಕಾದ ಈ ಕೈಚಳಕಕ್ಕೆ ನಮ್ಮಲ್ಲಿ ವೈದ್ಯಕೀಯದ ಮರ್ಯಾದೆ ದೊರೆತದ್ದು ಒಳ್ಳೆಯದೇ ಆಯಿತೆಂದು ನನ್ನ ಭಾವನೆ. ಮುಂದೆ ನಿಕಲ್ ಮತ್ತು ಟೈಟೇನಿಯಮ್ ಬೆರೆತ ತಂತಿ ಬಂದು ಕೈಕೆಲಸದ ಭಾರವನ್ನು ಬಹಳಷ್ಟು ಇಳಿಸಿತು. ಅಮೆರಿಕದ ನೌಕಾದಳದ ಪ್ರಯೋಗಶಾಲೆಯೊಂದರಲ್ಲಿ ಕಂಡುಬಂದ ಆ ಮಿಶ್ರಲೋಹವು ಎಷ್ಟು ಬಗ್ಗಿಸಿದರೂ ತನ್ನ ಮೂಲರೂಪಕ್ಕೆ ಮರಳುವ ಸ್ವಭಾವದ್ದು; ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸನ್ ಅದನ್ನು 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ತಂದನು. ಸೊಟ್ಟ ಹಲ್ಲುಗಳ ಸಾಲಿಗೆ ಸೊಟ್ಟಗೆ ಕಟ್ಟಿದ ತಂತಿಯು ತಾನು ನೇರವಾಗಲು ಹವಣಿಸುತ್ತ, ತಿಂಗಳುಗಟ್ಟಲೆ ಒಂದೇ ಸಮನಾದ ಹಗುರವಾದ ಸೆಳೆತವನ್ನು ಕೊಡುತ್ತಲೇ ಇರುತ್ತದೆ.

ಮನೆಯವರ ಎದೆ ನಡುಗುವುದು ತಂತಿಗಲ್ಲ, ‘ನಾಲ್ಕು ಹಲ್ಲು ಕೀಳಬೇಕಾದೀತು’ ಎಂಬ ಮಾತಿಗೆ. ದವಡೆ ಚಿಕ್ಕದಾಗಿ ಹಲ್ಲುಗಳು ದೊಡ್ಡವಾಗಿದ್ದರೆ, ಇಲ್ಲವೇ ಮೇಲಣ ಕೆಳಗಣ ಮುಂಬಲ್ಲುಗಳೆರಡೂ ತುಟಿಯನ್ನು ಮುಂದಕ್ಕೆ ನೂಕುವಷ್ಟು ಉಬ್ಬಿದ್ದರೆ, ಕೋರೆಹಲ್ಲಿನ ಹಿಂದಿನದೊಂದನ್ನು ನಾಲ್ಕೂ ಕಡೆ ತೆಗೆದು ಸ್ಥಳ ಮಾಡಿಕೊಳ್ಳಬೇಕಾಗುತ್ತದೆ. ಮೇಲಿನ ಹಲ್ಲನ್ನು ಕಿತ್ತರೆ ಕಣ್ಣಿನ ದೃಷ್ಟಿ ಹೋಗುವುದೆಂಬ ಹಿರಿಯರ ಹೆದರಿಕೆಗೆ ಆಧಾರವಿಲ್ಲ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಕೀಳಬೇಕೇ ಬೇಡವೇ ಎಂಬ ಪ್ರಶ್ನೆ ಅಜ್ಜಿಯಂದಿರದು ಮಾತ್ರವಲ್ಲ. ದೇವರು ಕೊಟ್ಟ ಹಲ್ಲುಗಳಲ್ಲಿ ಒಂದನ್ನೂ ಕೀಳಕೂಡದೆಂದು ಆಂಗಲ್ ಪಟ್ಟುಹಿಡಿದು ವಾದಿಸಿದನು. ಅವನ ಶಿಷ್ಯನಾದ ಚಾರ್ಲ್ಸ್ ಟ್ವೀಡ್, ಗುರುವಿನ ಮಾತಿನಂತೆ ಚಿಕಿತ್ಸೆಮಾಡಿದ ರೋಗಿಗಳ ಹಲ್ಲುಗಳು ಮರಳಿ ಉಬ್ಬಿದುದನ್ನು ಕಂಡು, ಅವರನ್ನೇ ಪುನಃ ಕರೆಸಿ ಹಲ್ಲು ತೆಗೆದು ಚಿಕಿತ್ಸೆಯನ್ನು ಎರಡನೆಯ ಸಲ ಮಾಡಿದನು. ಶುಲ್ಕವಿಲ್ಲದೆ ಮಾಡಿದನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇನ್ನು, ಹೆಣ್ಣುಮಗುವಿನ ಹಲ್ಲನ್ನು ವಿವಾಹದ ಮುಂಚೆ ಸರಿಪಡಿಸಬೇಕೆಂದು ಹೆತ್ತವರು ಹದಿನಾರಕ್ಕೋ ಹದಿನೆಂಟಕ್ಕೋ ಎಚ್ಚರಗೊಳ್ಳುವ ನಮ್ಮ ವಾಡಿಕೆಯಲ್ಲಿ ನನಗೆ ಕಾಣುವ ದೋಷವು ಸೌಂದರ್ಯದಾಸೆಯದಲ್ಲ, ಅಕಾಲದ್ದು: ಹೆಬ್ಬೆರಳು ಚೀಪುವ, ನಾಲಗೆಯಿಂದ ಹಲ್ಲನ್ನು ನೂಕುವ, ಬಾಯಿಯಿಂದ ಉಸಿರಾಡುವ ಅಭ್ಯಾಸಗಳಿಂದ ದವಡೆಯು ಕೆಡುತ್ತಿರುವಾಗ, ಅದು ಇನ್ನೂ ಬೆಳೆಯುತ್ತಿರುವ ಎಂಟು ಹತ್ತರ ವಯಸ್ಸಿನಲ್ಲಿ ಒಮ್ಮೆ ತೋರಿಸಿದ್ದರೆ ಎಷ್ಟೋ ಸಲ ಹಲ್ಲು ಕೀಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹಲ್ಲಿನ ವೈದ್ಯವೂ ಎಲುಬಿನ ವೈದ್ಯವೂ ಒಂದೇ ಬಾಯಲ್ಲಿ ಸಂಧಿಸುವ ಒಂದು ಸಂದರ್ಭವುಂಟು. ಕಾಪುವಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಂತಹ ರಸ್ತೆಗಳಲ್ಲಿ ಬೈಕಿನಿಂದ ಬಿದ್ದವರ ಕೆಳದವಡೆ ಮುರಿದಾಗ, ಮುರಿದ ತುಂಡುಗಳು ಸರಿಯಾಗಿ ಕೂಡಿವೆಯೇ ಎಂಬುದಕ್ಕೆ ಹಲ್ಲುಗಳೇ ಸಾಕ್ಷಿ: ಮೇಲಣ ಕೆಳಗಣ ಹಲ್ಲುಗಳು ಮೊದಲಿನಂತೆ ಒಂದರೊಳಗೊಂದು ಕಚ್ಚಿಕೊಂಡವೆಂದರೆ ಒಳಗಿನ ಎಲುಬೂ ಸ್ವಸ್ಥಾನವನ್ನು ಸೇರಿತೆಂದೇ ಅರ್ಥ. ಮುರಿದ ದವಡೆಯ ಹಲ್ಲುಗಳನ್ನು ಚಿನ್ನದ ತಂತಿಯಿಂದ ಒಂದಕ್ಕೊಂದು ಬಿಗಿಯಬೇಕೆಂದು ಹಿಪೊಕ್ರಾಟಿಸನ ಗ್ರೀಕ್ ವೈದ್ಯಗ್ರಂಥಗಳು ಹೇಳಿದ್ದ ಉಪಾಯವು ಇಂದು ಎರಡೂ ಸಾಲುಗಳಿಗೆ ಕೊಕ್ಕೆಯುಳ್ಳ ಲೋಹಪಟ್ಟಿಯನ್ನು ಕಟ್ಟಿ, ತಂತಿಯಿಂದ ಬಾಯನ್ನು ಮುಚ್ಚಿಬಿಡುವ ಕ್ರಮವಾಗಿ ಉಳಿದುಬಂದಿದೆ. ಎಲುಬಿಗೆ ನೇರವಾಗಿ ಚಿಕ್ಕ ಪ್ಲೇಟುಗಳನ್ನು ತಿರುಪಿನಿಂದ ಕೂರಿಸುವುದು ಬಳಕೆಗೆ ಬಂದ ಮೇಲೆ ಈ ಬಾಯಿಕಟ್ಟಿನ ಅವಧಿಯು ಕಡಿಮೆಯಾಗಿದೆ. ಮೊದಲಾದರೆ ನಾಲ್ಕರಿಂದ ಆರು ವಾರ ಗಂಜಿಯ ತಿಳಿಯೇ ಗತಿ.

ಉಳಿದ ಎಲುಬುಗಳ ವಿಷಯದಲ್ಲಿ ನಮ್ಮ ಹಳಬರ ಜ್ಞಾನವನ್ನು ಸ್ಮರಿಸದೆ ಮುಂದುವರಿಯುವುದು ಸಲ್ಲದು. ಉದ್ಯಾವರದ ಸಮೀಪದ ಕುತ್ಪಾಡಿಯ ಆಯುರ್ವೇದ ಕಾಲೇಜಿನಲ್ಲಿ ಇಂದಿಗೂ ಪಾಠವಾಗಿರುವ ಸುಶ್ರುತಸಂಹಿತೆಯು ಕಾಂಡಭಗ್ನವನ್ನು ಹನ್ನೆರಡು ಬಗೆಯಾಗಿಯೂ ಸಂಧಿಮುಕ್ತವನ್ನು ಆರು ಬಗೆಯಾಗಿಯೂ ವಿಭಾಗಿಸಿದೆ. ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಹೊಳೆಮತ್ತಿ, ಆಲ ಮುಂತಾದ ಮರಗಳ ತೊಗಟೆಯನ್ನೂ ಬಿದಿರನ್ನೂ ಕಟ್ಟಿನ ದಬ್ಬೆಗಳಿಗಾಗಿ ಹೇಳಿದೆ. ತೊಡೆ, ಕಣಕಾಲು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಕಟ್ಟಿ ಅಲುಗದಂತಿರಿಸುವ ಕಪಾಟಶಯನವನ್ನು ವಿಧಿಸಿದೆ. ಆದರೆ ನನ್ನನ್ನು ಬೆರಗುಗೊಳಿಸುವುದು ಈ ಸಾಮಗ್ರಿಗಳಲ್ಲ, ಕಟ್ಟಿನ ಹದದ ಬಗೆಗೆ ಅಲ್ಲಿರುವ ವಿವೇಕ. ಕಟ್ಟು ಸಡಿಲಾದರೆ ಸಂಧಿಯು ಸ್ಥಿರವಾಗದು, ಬಿಗಿಯಾದರೆ ಬಾವು, ನೋವು, ಕೀವುಗಳು ಬರುವುವು. ಆದಕಾರಣ ಮಧ್ಯಮವಾದ ಬಂಧವನ್ನೇ ಬಲ್ಲವರು ಮೆಚ್ಚುವರೆಂದು ಹೇಳಿ, ಶೀತಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ಐದು ದಿನಕ್ಕೊಮ್ಮೆ, ಸೆಕೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂದು ಅದು ನಿಯಮಿಸುತ್ತದೆ. ಬಾಲ್ಯದಲ್ಲಿ ಒಂದು ತಿಂಗಳಿಗೆ ಕೂಡುವ ಎಲುಬು ಮಧ್ಯವಯಸ್ಸಿನಲ್ಲಿ ಎರಡು, ವೃದ್ಧಾಪ್ಯದಲ್ಲಿ ಮೂರು ತಿಂಗಳು ತೆಗೆದುಕೊಳ್ಳುವುದೆಂಬ ಲೆಕ್ಕವೂ ಅಲ್ಲಿಯೇ ಇದೆ. ನಾಟಿ ವೈದ್ಯರ ಬಿದಿರುದಬ್ಬೆಯ ಕಟ್ಟಿನಿಂದ ಗುಣವಾದವರು ನಮ್ಮ ಊರೂರಿನಲ್ಲಿಯೂ ಇದ್ದಾರೆ. ಅತಿಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಬೆರಳುಗಳು ಮುರುಟಿಹೋದ ಮಕ್ಕಳನ್ನು ಎಲುಬಿನ ವೈದ್ಯರು ಕಂಡದ್ದೂ ಉಂಟು. ಅಂತಹ ಕಟ್ಟು ಆಧುನಿಕ ಶಾಸ್ತ್ರಕ್ಕೆ ಮಾತ್ರವಲ್ಲ, ಸುಶ್ರುತನಿಗೂ ಸಮ್ಮತವಾದುದಲ್ಲ.

1850ರ ದಶಕದ ಆರಂಭದಲ್ಲಿ ಡಚ್ ಸೈನ್ಯದ ವೈದ್ಯನಾದ ಆಂಟೋನಿಯಸ್ ಮಾಥಿಸನ್ ಜಿಪ್ಸಮ್ ಪುಡಿ ಸವರಿದ ಬಟ್ಟೆಯ ಪಟ್ಟಿಯನ್ನು ನೀರಿನಲ್ಲಿ ಅದ್ದಿ ಸುತ್ತುವ ಪ್ಲಾಸ್ಟರನ್ನು ಬಳಕೆಗೆ ತಂದನು. ಅದರಿಂದ ಅಲುಗಾಟವನ್ನು ತಡೆಯುವುದು ಸುಲಭವಾಯಿತು. ಅಲುಗಾಡಿಸದಿರುವುದಷ್ಟೇ ಅಲ್ಲದೆ ಎಲುಬನ್ನು ಬೆಳೆಸಲೂ ಬಹುದೆಂದು ತೋರಿಸಿದವನು ಸೈಬೀರಿಯದ ಕುರ್ಗಾನ್ ಪಟ್ಟಣದ ಗವ್ರೀಲ್ ಇಲಿಜಾರೊವ್. 1950ರ ದಶಕದ ಮೊದಲಲ್ಲಿ ಅವನು ರೂಪಿಸಿದ ಲೋಹದ ಬಳೆಗಳ ಉಪಕರಣವು ಕಾಲಿನ ಸುತ್ತ ನಿಂತು, ಎಲುಬನ್ನು ಹಾದುಹೋಗುವ ಬಿಗಿತಂತಿಗಳಿಂದ ಅದನ್ನು ಹಿಡಿದಿರುತ್ತದೆ. ಎಲುಬನ್ನು ಕತ್ತರಿಸಿ, ಕೆಲವು ದಿನ ಬಿಟ್ಟು, ತಿರುಪುಗಳನ್ನು ತಿರುಗಿಸುತ್ತ ದಿನಕ್ಕೆ ಒಂದು ಮಿಲಿಮೀಟರಿನಂತೆ, ಅದನ್ನೂ ಕಾಲು ಕಾಲು ಮಿಲಿಮೀಟರಿನ ನಾಲ್ಕು ಕಂತುಗಳಲ್ಲಿ, ತುಂಡುಗಳನ್ನು ದೂರಮಾಡುತ್ತ ಹೋದರೆ ನಡುವಣ ಅಂತರದಲ್ಲಿ ಹೊಸ ಎಲುಬು ಹುಟ್ಟುತ್ತದೆ. ಅವಸರಪಟ್ಟು ಎಳೆದರೆ ಹುಟ್ಟುವುದು ನಾರು. ತೀರ ನಿಧಾನಿಸಿದರೆ ಅಕಾಲದಲ್ಲಿ ಎಲುಬು ಕೂಡಿಕೊಂಡು ಕಾಲು ಉದ್ದವಾಗದೆ ಉಳಿಯುತ್ತದೆ.

ಹುಟ್ಟಿನಿಂದಲೇ ಪಾದವು ಒಳಮುಖವಾಗಿ ತಿರುಚಿಕೊಂಡಿರುವ ಶಿಶುಗಳ ಚಿಕಿತ್ಸೆಯಲ್ಲಿಯೂ ಇದೇ ಕಥೆ. ಆಂಡ್ರಿಯಾಸನ್ ಇದ್ದ ಅಯೋವಾದಲ್ಲಿಯೇ ಇದ್ದ ಇಗ್ನಾಸಿಯೊ ಪೊನ್ಸೆಟಿ, ಶಸ್ತ್ರಕ್ಕೆ ಕೈಯಿಕ್ಕದೆ ಪಾದವನ್ನು ಮೆಲ್ಲಗೆ ಹಿಗ್ಗಿಸಿ ಪ್ಲಾಸ್ಟರ್ ಹಾಕುವ, ವಾರಕ್ಕೊಮ್ಮೆ ಬಿಚ್ಚಿ ಇನ್ನಷ್ಟು ತಿರುಗಿಸಿ ಮತ್ತೆ ಹಾಕುವ ಪದ್ಧತಿಯನ್ನು ರೂಪಿಸಿದನು. ಐದಾರು ಪ್ಲಾಸ್ಟರುಗಳಲ್ಲಿ ಪಾದವು ಬಹುಮಟ್ಟಿಗೆ ನೇರವಾಗುತ್ತದೆ; ಹೆಚ್ಚಿನವರಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣ ಗಾಯದಿಂದ ಸಡಿಲಿಸಬೇಕಾಗುತ್ತದೆ. ಕಷ್ಟವಿರುವುದು ಆಮೇಲೆ. ಸಲಾಕೆಯೊಂದರ ಎರಡು ತುದಿಗಳಲ್ಲಿ ಕೂರಿಸಿದ ಬೂಟುಗಳನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಅನಂತರ ನಾಲ್ಕೈದು ವರ್ಷ ತುಂಬುವ ತನಕ ರಾತ್ರಿ ನಿದ್ದೆಯ ವೇಳೆ ಮಗುವಿಗೆ ತೊಡಿಸಬೇಕು. ಪಾದ ನೇರವಾದುದನ್ನು ಕಂಡ ಅಜ್ಜಿಗೆ, ‘ಇನ್ನೇಕೆ ಮಗುವನ್ನು ಗೋಳಾಡಿಸುವುದು?’ ಎಂದು ಅನ್ನಿಸುವುದು ಸಹಜವೇ. ಆ ಕರುಣೆಯಿಂದ ಪೆಟ್ಟಿಗೆ ಸೇರಿದ ಬೂಟುಗಳೇ ಪಾದವು ಮತ್ತೆ ತಿರುಚಿಕೊಳ್ಳುವುದಕ್ಕೆ ಮುಖ್ಯ ಕಾರಣ.

ಈ ಎಲ್ಲದರಲ್ಲಿ ನಮ್ಮ ಕರಾವಳಿಗೆ ಅತ್ಯಂತ ಹತ್ತಿರವಾದುದು ಪರ್ಥೀಸ್ ಎಂಬ ವ್ಯಾಧಿ. ಲೆಗ್, ಕಾಲ್ವೆ, ಪರ್ಥೀಸ್ ಎಂಬ ಮೂವರು ಮೂರು ದೇಶಗಳಲ್ಲಿ 1910ರಲ್ಲಿ ಬೇರೆ ಬೇರೆಯಾಗಿ ವರ್ಣಿಸಿದ ಈ ಕಾಯಿಲೆಯಲ್ಲಿ, ಬೆಳೆಯುವ ಮಗುವಿನ, ಹೆಚ್ಚಾಗಿ ಹುಡುಗರ, ತೊಡೆಯೆಲುಬಿನ ತಲೆಗೆ ರಕ್ತಸಂಚಾರವು ನಿಂತು ಅದು ಮೆತ್ತಗಾಗುತ್ತದೆ, ಮಗು ಕುಂಟತೊಡಗುತ್ತದೆ, ಮೂರು ನಾಲ್ಕು ವರ್ಷಗಳಲ್ಲಿ ಎಲುಬು ತಾನಾಗಿಯೇ ಮರುಹುಟ್ಟು ಪಡೆಯುತ್ತದೆಯಾದರೂ, ಅಷ್ಟರಲ್ಲಿ ಚಪ್ಪಟೆಯಾಗಿದ್ದರೆ ಚಪ್ಪಟೆಯಾಗಿಯೇ ಗಟ್ಟಿಯಾಗುತ್ತದೆ. ಪಶ್ಚಿಮ ಕರಾವಳಿಯ ಬಯಲಿನಲ್ಲಿ ಈ ವ್ಯಾಧಿಯು ಒಳನಾಡಿಗಿಂತ ಹೆಚ್ಚಾಗಿ ಕಾಣುತ್ತಿದ್ದುದನ್ನು ಮಣಿಪಾಲದ ಎಲುಬುತಜ್ಞರಾದ ಡಾ. ಬೆಂಜಮಿನ್ ಜೋಸೆಫರೂ ಅವರ ಸಹೋದ್ಯೋಗಿಗಳೂ 1980ರ ದಶಕದಲ್ಲಿ ಗುರುತಿಸಿ ಪ್ರಕಟಿಸಿದರು. ಇದರ ಚಿಕಿತ್ಸೆಯ ತತ್ತ್ವವು ಬಹು ಸುಂದರವಾದುದು. ಮೆತ್ತಗಾದ ಆ ತಲೆಯನ್ನು ಗುಂಡಗೆ ರೂಪಿಸಬಲ್ಲ ಅಚ್ಚು ಹೊರಗೆಲ್ಲಿಯೂ ಇಲ್ಲ. ಅದು ಕುಳಿತಿರುವ ಸೊಂಟದ ಬಟ್ಟಲೇ ಆ ಅಚ್ಚು. ಕಾಲುಗಳನ್ನು ಅಗಲಿಸಿ ಹಿಡಿದರೆ ತಲೆಯು ಬಟ್ಟಲೊಳಗೆ ಪೂರ್ಣವಾಗಿ ಅಡಗುತ್ತದೆ. ಆದಕಾರಣ ಅಗಲಿಸಿದ ಕಾಲುಗಳ ನಡುವೆ ಕೋಲನ್ನಿಟ್ಟು ಪ್ಲಾಸ್ಟರ್ ಹಾಕುವುದು, ಪಟ್ಟಿಸರಳುಗಳ ಬ್ರೇಸ್ ತೊಡಿಸುವುದು ಬಂತು. ಅಷ್ಟುಕಾಲ ಬ್ರೇಸ್ ತೊಡುವುದು ಮಗುವಿಗೆ ದುಸ್ಸಾಧ್ಯವಾದಲ್ಲಿ, ಎಲುಬನ್ನೇ ಕತ್ತರಿಸಿ ಕೋನವನ್ನು ಬದಲಿಸಿ ತಲೆಯನ್ನು ಒಳಕ್ಕೆ ತಿರುಗಿಸುವ ಶಸ್ತ್ರಚಿಕಿತ್ಸೆಯನ್ನು, ಅದೂ ತಲೆಯು ವಿರೂಪಗೊಳ್ಳುವ ಮೊದಲೇ, ಮಾಡುವುದರ ಪರವಾಗಿ ಮಣಿಪಾಲದ ತಜ್ಞರು ವಾದಿಸಿದರು. ಎರಡರಲ್ಲಿ ಯಾವುದೇ ಆಗಲಿ, ರೂಪ ಕೊಡುವುದು ಶರೀರವೇ.

ಉಪಕರಣವೇ ಬೇಡವೆಂದು ಹೇಳುವ ಧೈರ್ಯವನ್ನೂ ಇದೇ ಸೀಮೆಯ ವೈದ್ಯರು ತೋರಿದ್ದಾರೆ. ಮಗುವಿನ ಅಂಗಾಲು ಚಪ್ಪಟೆಯಾಗಿದೆಯೆಂದು ಗಾಬರಿಗೊಂಡು, ಕಮಾನಿಗೆ ಒತ್ತುಕೊಡುವ ವಿಶೇಷ ಬೂಟನ್ನು ಮಾಡಿಸಿ ಎಂದು ಕೇಳುವ ತಂದೆತಾಯಿಗಳು ಎಲ್ಲೆಡೆಯೂ ಇದ್ದಾರೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಯ ಅಚ್ಚುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇಕಡಾ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನವರಲ್ಲಿ ಅದು ಶೇಕಡಾ 2.8 ಮಾತ್ರ, ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. 1846 ಮಂದಿ ವಯಸ್ಕರನ್ನು ಪರೀಕ್ಷಿಸಿದ 1995ರ ಇನ್ನೊಂದು ಲೇಖನವು, ಆರು ವರ್ಷಕ್ಕೆ ಮೊದಲೇ ಬೂಟು ತೊಟ್ಟವರಲ್ಲಿ ಈ ದೋಷ ಹೆಚ್ಚೆಂಬುದನ್ನು ತೋರಿಸಿತು. ಕಾಪುವಿನ ಕಡಲತಡಿಯ ಮರಳಿನಲ್ಲಿ ಬರಿಗಾಲಿನಿಂದ ಓಡಾಡುವ ಮಗುವಿನ ಪಾದದ ಕಮಾನನ್ನು ಕಟ್ಟುತ್ತಿರುವುದು ಅದರದೇ ಸ್ನಾಯುಗಳೆಂದು ಇದರಿಂದ ಊಹಿಸಿದರೆ ತಪ್ಪಾಗದು. ಜಗತ್ತಿನ ಎಲುಬುತಜ್ಞರು ಇಂದಿಗೂ ಉದಾಹರಿಸುವ ಈ ಅಧ್ಯಯನಗಳು, ಐದು ವರ್ಷ ತುಂಬದ ಕೂಸಿನ ಕಾಲಿಗೆ ಶಾಲೆಯ ಸಮವಸ್ತ್ರದ ಕಪ್ಪು ಬೂಟನ್ನು ಬಿಗಿಯುವ ನಮ್ಮ ಶಾಲೆಗಳ ಕಣ್ಣಿಗೆ ಬಿದ್ದಂತೆ ಕಾಣುವುದಿಲ್ಲ.

ಈಗ ಹಲ್ಲಿಗೆ ತಂತಿಯೂ ಬೇಡ, ಕಣ್ಣಿಗೆ ಕಾಣದ ಪಾರದರ್ಶಕ ಹೊದಿಕೆಗಳು ಸಾಕೆಂಬ ಕಾಲ ಬಂದಿದೆ. ಗಣಕದಲ್ಲಿ ಹಲ್ಲುಗಳ ಚಿತ್ರವನ್ನು ಹಿಡಿದು, ಪ್ರತಿ ಹೊದಿಕೆಯೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುವಂತೆ ಸರಣಿಯನ್ನು ತಯಾರಿಸುವ ಈ ಕ್ರಮವು ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಆರಂಭವಾಯಿತು. ದಿನಕ್ಕೆ 20ರಿಂದ 22 ಗಂಟೆ ಧರಿಸಿದರೆ ಮಾತ್ರ ಫಲ. ಉಪಕರಣವು ಮೃದುವಾಯಿತು, ಬೆಲೆ ಏರಿತು. ಎಲುಬಿನ ವೇಗ ಮಾತ್ರ ಸ್ಯಾಂಡ್‌ಸ್ಟೆಡ್ಟನ ಕಾಲದಲ್ಲಿದ್ದಷ್ಟೇ ಇದೆ. ವೈದ್ಯರ ಮುಖವನ್ನೇ ಕಾಣದೆ, ಎಕ್ಸ್‌ರೇ ತೆಗೆಸದೆ, ಅಂಚೆಯಲ್ಲಿ ತರಿಸಿಕೊಂಡ ಹೊದಿಕೆಯನ್ನು ಬಾಯಿಗಿಟ್ಟುಕೊಳ್ಳುವುದು ಅವಿವೇಕ; ಹಲ್ಲಿನ ಬೇರು ಎಲ್ಲಿದೆ, ವಸಡು ಹೇಗಿದೆ ಎಂಬುದು ಛಾಯಾಚಿತ್ರದ ನಗುವಿನಲ್ಲಿ ಕಾಣಿಸುವ ವಿಷಯವಲ್ಲ.

ತಂತಿ ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡಿಕೊಂಡು ಹಿಗ್ಗುವವರಿಗೆ ವೈದ್ಯರು ಕೈಗಿಡುವುದು, ಅಂಗುಳಕ್ಕೆ ಅಂಟಿಕೊಳ್ಳುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ ಮತ್ತು ಅದರ ಮುಂದಣ ತಂತಿಯ ಕಮಾನು. ಎಲುಬು ಹೊಸ ಸ್ಥಾನವನ್ನು ಬೇಗ ಒಪ್ಪಿಕೊಂಡರೂ ವಸಡಿನ ನಾರುಗಳು ಹಳೆಯ ಸ್ಥಾನವನ್ನು ಮರೆಯಲು ಒಂದು ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಅವು ಹಲ್ಲನ್ನು ಹಿಂದಕ್ಕೆ ಸೆಳೆಯುತ್ತಲೇ ಇರುತ್ತವೆ. ಆದುದರಿಂದ ಈ ತಟ್ಟೆಯನ್ನು ಊಟದ ವೇಳೆ ಹೊರತಾಗಿ ಧರಿಸಿಯೇ ಇರಬೇಕು, ತೆಗೆದಾಗ ಡಬ್ಬಿಯಲ್ಲಿಡಬೇಕು. ಮದುವೆಮನೆಯಲ್ಲಿ ಡಬ್ಬಿ ಎಲ್ಲಿಂದ ಬರಬೇಕು? ಬಡಿಸುವವರು ಬರುವ ಮುನ್ನ ಯಾರೂ ನೋಡದಂತೆ ತೆಗೆದು, ಕಾಗದದಲ್ಲಿ ಸುತ್ತಿ ಬಾಳೆಲೆಯ ಅಂಚಿಗಿರಿಸಿದ ತಟ್ಟೆಯು, ಪಾಯಸದ ಬಳಿಕ ಎಲೆ ಮಡಚಿ ಏಳುವಾಗ ಎಲೆಯೊಂದಿಗೇ ಹೋಗುವುದು ಅಪರೂಪವೇನೂ ಅಲ್ಲ. ಹಾಗಾದಲ್ಲಿ ನಾಚಿಕೆಪಡದೆ ಮರುದಿನವೇ ವೈದ್ಯರ ಬಳಿಗೆ ಹೋಗಿ ಹೊಸ ಅಚ್ಚನ್ನು ಕೊಟ್ಟುಬರತಕ್ಕದ್ದು.